ಕಲ್ಲಿಲ್ಲದ ನೆರಳು, ಇಲ್ಲದ ಅವಳಿ: ಅಲ್ಟ್ರಾಸೌಂಡ್‌ನಲ್ಲಿ ಆರ್ಟಿಫ್ಯಾಕ್ಟ್ ಗುರುತಿಸುವುದು ಹೇಗೆ?

ಪ್ರೋಬ್_ಹಿಡಿದವ

ಎಲ್ಲರಿಗೂ ನಮಸ್ಕಾರ. ರೇಡಿಯೋಡಯಾಗ್ನೋಸಿಸ್ ಮೊದಲ ವರ್ಷದ ಪಿಜಿ ನಾನು. ಆರ್ಟಿಫ್ಯಾಕ್ಟ್‌ಗಳ (ದೇಹದಲ್ಲಿ ಇಲ್ಲದ್ದು ಪರದೆಯಲ್ಲಿ ಕಾಣುವ ಸುಳ್ಳು ಗುರುತುಗಳ) ಪಟ್ಟಿ ಬಾಯಿಪಾಠ ಆಗಿದೆ. ಪರೀಕ್ಷೆಯಲ್ಲಿ ಕೇಳಿದರೆ ಚಿತ್ರ ಬರೆದು ತೋರಿಸುತ್ತೇನೆ. ಆದರೆ ರೋಗಿ ಮಂಚದ ಮೇಲಿದ್ದು, ಹೊರಗೆ ಸಾಲು ಬಾಗಿಲು ದಾಟಿರುವಾಗ, ಪರದೆಯಲ್ಲಿ ಕಂಡದ್ದು ನಿಜವೋ ಅಲ್ಲವೋ ಎಂದು ತೀರ್ಮಾನ ಮಾಡುವುದೇ ಕಷ್ಟ.

ಜಾಸ್ತಿ ಕಾಡುವುದು ಗಾಲ್ ಬ್ಲಾಡರ್ (ಪಿತ್ತಕೋಶ) ಕತ್ತು. ಅಲ್ಲಿಂದ ಒಂದು ಕಪ್ಪು ನೆರಳು ಇಳಿಯುತ್ತದೆ. ಮೇಲೆ ಬಿಳಿ ಕಲ್ಲು ಮಾತ್ರ ಇಲ್ಲ. ಕಲ್ಲು ಎಂದು ಬರೆಯಬೇಕಾ, ಬಿಡಬೇಕಾ? ಅನುಭವ ಇರುವವರು ಕೈಯಲ್ಲಿ ಏನು ಮಾಡುತ್ತೀರಿ, ಅದನ್ನು ಹೇಳಿ. ಪುಸ್ತಕದ್ದು ಬೇಡ.

ಕಪ್ಪುಬಿಳುಪು

ಕೈಯಲ್ಲಿ ಮಾಡುವುದನ್ನೇ ಹೇಳುತ್ತೇನೆ ತಮ್ಮಾ, ಅದಕ್ಕೆ ಮೊದಲು ಒಂದು ಮಾತು. ಮೆಷಿನ್‌ಗೆ ದೇಹ ಗೊತ್ತಿಲ್ಲ. ಎಕೋ (ಬಡಿದು ವಾಪಸ್ ಬರುವ ಶಬ್ದ) ಎಷ್ಟು ಹೊತ್ತಿಗೆ ಬಂತು, ಎಷ್ಟು ಜೋರಾಗಿ ಬಂತು, ಇಷ್ಟೇ ಗೊತ್ತು. ಉಳಿದದ್ದೆಲ್ಲ ಅದರ ನಂಬಿಕೆ, ಇವು: ಶಬ್ದ ಎಲ್ಲ ಕಡೆ ಸೆಕೆಂಡಿಗೆ 1540 ಮೀಟರ್ ವೇಗದಲ್ಲೇ ಹೋಗುತ್ತದೆ. ನೇರವಾಗಿ ಹೋಗುತ್ತದೆ. ಒಂದೇ ಸಲ ಬಡಿದು, ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಬೀಮ್ (ಮೆಷಿನ್ ಕಳಿಸುವ ಶಬ್ದದ ಕಿರಣ) ಕೂದಲಿನಷ್ಟು ತೆಳ್ಳಗಿದೆ. ಆಳಕ್ಕೆ ಹೋದಂತೆ ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಕುಗ್ಗುತ್ತದೆ. 13 ಮೈಕ್ರೋಸೆಕೆಂಡ್‌ಗೆ ಎಕೋ ಬಂದರೆ 1 ಸೆಂಟಿಮೀಟರ್ ಆಳದಲ್ಲಿ ಚುಕ್ಕೆ ಇಡುತ್ತದೆ, 26ಕ್ಕೆ ಬಂದರೆ 2 ಸೆಂಟಿಮೀಟರ್‌ನಲ್ಲಿ. ನಡುವೆ ಏನಾಯಿತು ಎಂದು ಅದು ಕೇಳುವುದಿಲ್ಲ.

ದೇಹದಲ್ಲಿ ಈ ನಂಬಿಕೆಗಳಲ್ಲಿ ಒಂದು ಮುರಿದರೂ ಚುಕ್ಕೆ ತಪ್ಪು ಜಾಗದಲ್ಲಿ ಕೂರುತ್ತದೆ. ಆದ್ದರಿಂದ ಆರ್ಟಿಫ್ಯಾಕ್ಟ್ ಹೆಸರು ನೆನಪಿಗೆ ಬರದಿದ್ದರೂ ಪರವಾಗಿಲ್ಲ. ಇಲ್ಲಿ ಯಾವ ನಂಬಿಕೆ ಮುರಿಯಿತು ಎಂದು ಕೇಳಿಕೊಳ್ಳಿ. ಏನು ಬದಲಾಯಿಸಿ ನೋಡಬೇಕು ಎನ್ನುವುದು ತಾನಾಗಿ ಹೊಳೆಯುತ್ತದೆ.

ಈಗ ನಿಮ್ಮ ಕತ್ತಿಗೆ ಬರೋಣ. ಗಾಲ್ ಬ್ಲಾಡರ್ ಗೋಡೆ ಬಾಗಿದ ಕಡೆ ಬೀಮ್ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಅಲ್ಲಿ ಅದು ಬಾಗಿ ಚದುರುತ್ತದೆ. ಹಿಂದಕ್ಕೆ ಶಬ್ದ ಸರಿಯಾಗಿ ತಲುಪುವುದಿಲ್ಲ, ಸಣ್ಣ ನೆರಳು ಬೀಳುತ್ತದೆ. ಇದೇ ಎಡ್ಜ್ ಶ್ಯಾಡೋ. ವೃಷಣದ ಅಂಚಿನಲ್ಲಿ, ಮಗುವಿನ ತಲೆಯ ಎರಡೂ ಬದಿಯಲ್ಲಿ ಕಾಣುವುದೂ ಇದೇ. ಕತ್ತಿನಲ್ಲಿ ಸುರುಳಿ ಮಡಿಕೆಗಳು ಬೇರೆ ಇವೆ, ಅವೂ ನೆರಳು ಕೊಡುತ್ತವೆ.

ಪ್ರೋಬ್ (ಮೈಮೇಲೆ ಇಡುವ ಸ್ಕ್ಯಾನ್ ಹಿಡಿಕೆ) ಅನ್ನು ಇದ್ದಲ್ಲೇ ಓರೆ ಮಾಡಿ. ಎಡ್ಜ್ ಶ್ಯಾಡೋ ಆದರೆ ಅದು ಶುರುವಾಗುವ ಜಾಗ ಗೋಡೆಯ ಮೇಲೆ ಜರುಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಕಲ್ಲಿನ ನೆರಳು ಯಾವ ಕೋನದಿಂದ ನೋಡಿದರೂ ಕಲ್ಲಿನಿಂದಲೇ ಹೊರಡುತ್ತದೆ. ಆಮೇಲೆ ಎಡಮಗ್ಗುಲಿಗೆ ಹೊರಳಿಸಿ, ಉಸಿರು ಎಳೆದು ಹಿಡಿಯಲು ಹೇಳಿ, ಪಕ್ಕೆಲುಬಿನ ಸಂದಿಯಿಂದ ಇನ್ನೊಮ್ಮೆ ನೋಡಿ.

ತಾಲೂಕು_ಡಾಕ್ಟರ್

ಇಷ್ಟೆಲ್ಲ ಯಾಕೆ ಸರ್? ಹೊರಳಿಸಿದಾಗ ಉರುಳಿದರೆ ಕಲ್ಲು, ಉರುಳದಿದ್ದರೆ ಅಲ್ಲ. ನಮಗೆ ಕಲಿಸಿದ್ದು ಅಷ್ಟೇ.

ಕಪ್ಪುಬಿಳುಪು

ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತೀರಿ ಡಾಕ್ಟ್ರೇ. ಕತ್ತಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡ ಕಲ್ಲು ಉರುಳುವುದಿಲ್ಲ. ಜ್ವರ, ನೋವು ಎಂದು ರಾತ್ರಿ ನಿಮ್ಮ ಹತ್ತಿರ ಬರುವವರು ಅದೇ ರೋಗಿಗಳು. ಅಲ್ಲಾಡಲಿಲ್ಲ ಎಂದು ಆರ್ಟಿಫ್ಯಾಕ್ಟ್ ಪಟ್ಟ ಕಟ್ಟಿದರೆ ಅಪಾಯ. ಪ್ರೋಬ್ ಒತ್ತಿದ ಜಾಗದಲ್ಲೇ ನೋವಿದೆಯಾ, ಗೋಡೆ 3 ಮಿಲಿಮೀಟರ್‌ಗಿಂತ ದಪ್ಪ ಇದೆಯಾ, ಸುತ್ತ ನೀರಿದೆಯಾ, ಇವನ್ನೂ ಜೊತೆಗೆ ನೋಡಿ.

ಇನ್ನೊಂದು. ಮೆಷಿನ್‌ನಲ್ಲಿ ಕಾಂಪೌಂಡಿಂಗ್ ಆನ್ ಇದ್ದರೆ ಅದು ಬೇರೆ ಬೇರೆ ಕೋನದ ಚಿತ್ರ ಸೇರಿಸಿ ನುಣುಪು ಮಾಡುತ್ತದೆ. ನೋಡಲು ಚಂದ. ಆದರೆ ನೆರಳನ್ನೂ ಅಳಿಸಿಬಿಡುತ್ತದೆ. ಸಣ್ಣ ಕಲ್ಲು ಹುಡುಕುವಾಗ ಅದನ್ನು ಆಫ್ ಮಾಡಿ, ಫೋಕಸ್ ಕಲ್ಲಿನ ಆಳಕ್ಕೆ ತನ್ನಿ, ಸಿಕ್ಕಷ್ಟು ಹೆಚ್ಚಿನ ಫ್ರೀಕ್ವೆನ್ಸಿ ಹಾಕಿ. ಬೀಮ್‌ಗಿಂತ ಕಲ್ಲು ಸಣ್ಣದಾದರೆ ಪಕ್ಕದಿಂದ ಶಬ್ದ ನುಸುಳಿ ನೆರಳು ತುಂಬಿಕೊಳ್ಳುತ್ತದೆ. ಅದಕ್ಕೇ ಫೋಕಸ್ ಮುಖ್ಯ.

ಉಲ್ಟಾ ಕಷ್ಟವೂ ಉಂಟು. ಕಲ್ಲು ತುಂಬಿ ಕುಗ್ಗಿದ ಗಾಲ್ ಬ್ಲಾಡರ್ ಅನ್ನು ಡುವೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಗ್ಯಾಸ್ ಎಂದು ದಾಟಿ ಹೋಗುವುದು. ಗೋಡೆಯ ಗೆರೆ, ಅದರ ಹಿಂದೆ ತೆಳ್ಳನೆ ಕಪ್ಪು, ಆಮೇಲೆ ಕಲ್ಲಿನ ಹೊಳಪು, ಆಮೇಲೆ ಅಚ್ಚ ಕಪ್ಪು ನೆರಳು. ಈ ಸಾಲು ಕಂಡರೆ ಕಲ್ಲು. ಗ್ಯಾಸ್ ನೆರಳು ಸಾಮಾನ್ಯವಾಗಿ ಮಬ್ಬು, ಕೊಳಕು. ಸ್ವಲ್ಪ ಹೊತ್ತು ಪ್ರೋಬ್ ಅಲ್ಲಾಡಿಸದೆ ಇಟ್ಟರೆ ಕರುಳು ತಾನೇ ಅಲ್ಲಾಡಿ ಗುಟ್ಟು ಬಿಟ್ಟುಕೊಡುತ್ತದೆ.

ಪ್ರೋಬ್_ಹಿಡಿದವ

ಥ್ಯಾಂಕ್ಯೂ ಸರ್. ಕಾಂಪೌಂಡಿಂಗ್ ಆಫ್ ಮಾಡುವುದು ನಮ್ಮಲ್ಲಿ ಯಾರೂ ಮಾಡುವುದೇ ಇಲ್ಲ. ಗಾಲ್ ಬ್ಲಾಡರ್ ಒಳಗೆ ಮಬ್ಬಾಗಿ ಸ್ಲಡ್ಜ್ (ಗಟ್ಟಿಯಾದ ಪಿತ್ತದ ಕೆಸರು) ಥರ ಕಾಣುತ್ತದಲ್ಲ, ಅದರಲ್ಲಿ ನಿಜವಾದದ್ದು ಯಾವುದು?

ಕಪ್ಪುಬಿಳುಪು

ಬೀಮ್‌ಗೆ ದಪ್ಪ ಇದೆ. ಪಕ್ಕದ ಲಿವರ್ ಎಕೋ, ಗೋಡೆಯ ಎಕೋ ಎಲ್ಲ ಸೇರಿ ನೀರಿನೊಳಗೆ ಬಂದು ಕೂರುತ್ತವೆ. ಸೈಡ್ ಲೋಬ್ (ಮುಖ್ಯ ಬೀಮ್ ಬಿಟ್ಟು ಪಕ್ಕಕ್ಕೆ ಹೋಗುವ ದುರ್ಬಲ ಶಬ್ದ) ಕೂಡ ಅದನ್ನೇ ಮಾಡುತ್ತದೆ. ನಿಜವಾದ ಸ್ಲಡ್ಜ್ ಭೂಮಿಯ ಕಡೆ ಮಟ್ಟಸವಾಗಿ ನಿಲ್ಲುತ್ತದೆ. ಹೊರಳಿಸಿದರೆ ನಿಧಾನಕ್ಕೆ ಹೊಸ ತಳಕ್ಕೆ ಇಳಿಯುತ್ತದೆ. ಸುಳ್ಳು ಸ್ಲಡ್ಜ್‌ಗೆ ಭೂಮಿಯ ಸೆಳೆತ ಗೊತ್ತಿಲ್ಲ, ಅದು ಪ್ರೋಬ್ ಹೇಳಿದ ಕಡೆ ತಿರುಗುತ್ತದೆ. ಹಾರ್ಮೋನಿಕ್ (ವಾಪಸ್ ಬಂದ ಶಬ್ದದ ದುಪ್ಪಟ್ಟು ಫ್ರೀಕ್ವೆನ್ಸಿಯಿಂದ ಚಿತ್ರ ಬರೆಯುವ ಸೆಟ್ಟಿಂಗ್) ಹಾಕಿದರೆ ಬಹಳಷ್ಟು ಹೋಗುತ್ತದೆ. ಮೇಲಿನ ಗೋಡೆಗೆ ಅಂಟಿಕೊಂಡಂತೆ ಕಾಣುವ ಮಬ್ಬು ಮಾತ್ರ ಬೇರೆ, ಅದು ರಿವರ್ಬರೇಷನ್. ಹೊಟ್ಟೆಯ ಪದರಗಳ ನಡುವೆ ಶಬ್ದ ಪುಟಿದು ಪುಟಿದು ಬರುತ್ತದೆ. ಕ್ಷೌರದಂಗಡಿಯ ಎದುರುಬದುರು ಕನ್ನಡಿಗಳಲ್ಲಿ ನಿಮ್ಮ ತಲೆ ಸಾಲಾಗಿ ಕಾಣುತ್ತದಲ್ಲ, ಹಾಗೆ. ಸಮ ಅಂತರದಲ್ಲಿ ಗೆರೆಗಳು ಬಂದು, ಒಂದಕ್ಕಿಂತ ಒಂದು ಮಸುಕಾಗುತ್ತಿದ್ದರೆ ಅದೇ.

ಜೆಲ್_ಬಾಟಲಿ

ನಾನು ಜಾಸ್ತಿ ಮಾಡುವುದು ಬಸುರಿಯರ ಸ್ಕ್ಯಾನ್. ಆ ಕಡೆಯದು ಹೇಳುತ್ತೇನೆ. ಅಲ್ಲಿ ಆರ್ಟಿಫ್ಯಾಕ್ಟ್‌ನ ಬೆಲೆ ಬೇರೆಯದೇ.

ಮೊದಲ ತಿಂಗಳುಗಳಲ್ಲಿ ಹೊಟ್ಟೆ ಮೇಲಿಂದ, ನಡುಗೆರೆಯಲ್ಲಿ ಪ್ರೋಬ್ ಅಡ್ಡ ಇಟ್ಟಾಗ ಒಂದು ಸ್ಯಾಕ್ (ಗರ್ಭಚೀಲ) ಎರಡಾಗಿ ಕಾಣಬಹುದು. ಹೊಟ್ಟೆಯ ಮುಂದಿನ ರೆಕ್ಟಸ್ ಸ್ನಾಯು ಜೋಡಿ ಮತ್ತು ಅದರ ಹಿಂದಿನ ಕೊಬ್ಬು ಸೇರಿ ಲೆನ್ಸ್ ಆಗುತ್ತವೆ. ಶಬ್ದ ಎರಡು ದಾರಿಯಲ್ಲಿ ಬಾಗಿ ಹೋಗಿ ಒಂದೇ ಸ್ಯಾಕ್ ಮುಟ್ಟುತ್ತದೆ. ಮೆಷಿನ್ ನೇರ ದಾರಿ ಎಂದುಕೊಂಡು ಅಕ್ಕಪಕ್ಕ ಎರಡು ಬರೆಯುತ್ತದೆ. ಕಾಪರ್-ಟಿ ಕೂಡ ಹೀಗೆ ಎರಡಾಗುತ್ತದೆ.

ಬಿಡಿಸುವುದು ಸುಲಭ. ಪ್ರೋಬ್ ಉದ್ದಕ್ಕೆ ತಿರುಗಿಸಿ. ನಡುಗೆರೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ಸಂಶಯ ಉಳಿದರೆ ಟಿವಿಎಸ್, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್. ಟಿವಿಎಸ್‌ನಲ್ಲಿ ಆ ಸ್ನಾಯುವೇ ದಾರಿಯಲ್ಲಿ ಇರುವುದಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಅವಳಿ ಎಂದು ಬರೆದ ರಿಪೋರ್ಟ್ ಮನೆಗೆ ಹೋಗುತ್ತದೆ. ಅಜ್ಜಿ, ಅತ್ತೆ ಎಲ್ಲರಿಗೂ ಸುದ್ದಿ ಮುಟ್ಟುತ್ತದೆ. ಮುಂದಿನ ಸ್ಕ್ಯಾನ್‌ನಲ್ಲಿ ಒಂದೇ ಮಗು. ಎರಡನೇ ಡಾಕ್ಟರ್ ಮೊದಲ ರಿಪೋರ್ಟ್ ನಂಬಿ, ಒಂದು ಮಗು ಕರಗಿಹೋಗಿದೆ ಎಂದು ಬರೆಯುತ್ತಾರೆ. ಇಲ್ಲದ ಮಗುವಿಗಾಗಿ ತಾಯಿ ಅಳುತ್ತಾಳೆ. ದಾಖಲೆಯಲ್ಲಿ ಆ ತಪ್ಪು ಎಂದೂ ಸರಿಹೋಗುವುದಿಲ್ಲ, ಏಕೆಂದರೆ ಕಥೆ ಪೂರ್ತಿ ಹೊಂದಿಕೊಂಡುಬಿಟ್ಟಿದೆ.

ಜೆಲ್_ಬಾಟಲಿ

ಮೇಲಿನದಕ್ಕೆ ಸೇರಿಸುತ್ತೇನೆ. ಮಗುವಿನ ಅಂಗದೋಷ ಹುಡುಕುವ ಅನಾಮಲಿ ಸ್ಕ್ಯಾನ್‌ನಲ್ಲಿ ಹೆದರಿಸುವ ಮೂರು ಇವೆ.

ಮಗುವಿನ ಮೆದುಳಿನಲ್ಲಿ ಪ್ರೋಬ್‌ಗೆ ಹತ್ತಿರದ ಅರ್ಧ ಸರಿಯಾಗಿ ಕಾಣುವುದೇ ಇಲ್ಲ. ಹತ್ತಿರದ ತಲೆಬುರುಡೆಯ ರಿವರ್ಬರೇಷನ್ ಅದನ್ನು ಮುಚ್ಚುತ್ತದೆ. ವೆಂಟ್ರಿಕಲ್ (ಮೆದುಳೊಳಗಿನ ನೀರಿನ ಕೋಣೆ) ಅಳತೆ ದೂರದ ಅರ್ಧದಲ್ಲಿ ತೆಗೆಯುವುದು ಅದಕ್ಕೇ. 10 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಸರಿ. ಆದರೆ ದೂರದ ಅರ್ಧ ಚೆನ್ನಾಗಿದೆ ಎಂದು ಹತ್ತಿರದ್ದೂ ಚೆನ್ನಾಗಿದೆ ಎಂದುಕೊಳ್ಳಬೇಡಿ. ಮಗು ತಿರುಗುವ ತನಕ ತಾಯಿಯನ್ನು ಸ್ವಲ್ಪ ನಡೆದಾಡಿಸಿ.

ಹೃದಯದಲ್ಲಿ, ತುದಿಯ ಕಡೆಯಿಂದ ನಾಲ್ಕು ಕೋಣೆ ನೋಡುವಾಗ ನಡುಗೋಡೆ ಬೀಮ್‌ಗೆ ಸಮಾನಾಂತರ ಆಗುತ್ತದೆ. ಗೋಡೆಯ ಮೇಲ್ಭಾಗದ ತೆಳು ಪದರದಿಂದ ಎಕೋ ವಾಪಸ್ ಬರುವುದಿಲ್ಲ, ತೂತಿನ ಹಾಗೆ ಕಾಣುತ್ತದೆ. ಪಕ್ಕದಿಂದ, ಗೋಡೆಗೆ ಬೀಮ್ ಲಂಬವಾಗಿ ಬೀಳುವಂತೆ ನೋಡಿ. ಆಗಲೂ ತೂತು ಉಳಿದರೆ, ತೂತಿನ ಅಂಚು ಹೊಳೆಯುತ್ತಿದ್ದರೆ, ಕಲರ್‌ನಲ್ಲಿ (ಹರಿವಿಗೆ ಬಣ್ಣ ಕೊಡುವ ಡಾಪ್ಲರ್) ರಕ್ತ ದಾಟಿದರೆ ಮಾತ್ರ ಮುಂದಿನ ಮಾತು.

ಮೂರನೆಯದು ಹೊಟ್ಟೆಯ ಸುತ್ತ ಕಪ್ಪು ಪಟ್ಟಿ. ನೀರು ಎಂದು ಗಾಬರಿಯಾಗುತ್ತದೆ. ಅದು ಮಗುವಿನ ಹೊಟ್ಟೆಯ ಸ್ನಾಯುವೇ ಇರಬಹುದು. ನಿಜವಾದ ನೀರು ಕರುಳಿನ ನಡುವೆ, ಲಿವರ್ ಸುತ್ತ ನುಗ್ಗುತ್ತದೆ. ಪಟ್ಟಿಯಾಗಿ ಗೋಡೆಯೊಳಗೇ ಉಳಿಯುವುದಿಲ್ಲ.

ಸುಮ್ನೆ_ಓದೋನು

ನಾನು ಡಾಕ್ಟರ್ ಅಲ್ಲ, ಬೈಯಬೇಡಿ. ಒಂದು ಕಡೆ ಸ್ಕ್ಯಾನ್ ಮಾಡಿಸಿದಾಗ ಎಡ ಕಿಡ್ನಿಯಲ್ಲಿ 4 ಮಿಲಿಮೀಟರ್ ಕಲ್ಲು ಎಂದರು. ತಿಂಗಳಾದ ಮೇಲೆ ಇನ್ನೊಂದು ಕಡೆ ಕಲ್ಲೇ ಇಲ್ಲ ಎಂದರು. ನೋವು ಬಂದಿಲ್ಲ, ಕಲ್ಲು ಬಿದ್ದದ್ದು ಗೊತ್ತಾಗಿಲ್ಲ. ಎಷ್ಟು ಲೀಟರ್ ಬಾಳೆದಿಂಡಿನ ರಸ ಕುಡಿದೆನೋ ದೇವರಿಗೇ ಗೊತ್ತು. ಯಾರು ಸುಳ್ಳು ಹೇಳಿದರು?

ಬಿಸಿಲುನಾಡು_ಯೂರೋ

ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ನಿಮ್ಮ ರಿಪೋರ್ಟ್ ನೋಡದೆ ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ ಆಗುವುದನ್ನು ಹೇಳುತ್ತೇನೆ. ಕಿಡ್ನಿಯ ನಡುಭಾಗದಲ್ಲಿ ಕೊಬ್ಬು, ರಕ್ತನಾಳ ಎಲ್ಲ ಬೆಳ್ಳಗೇ ಕಾಣುತ್ತವೆ. ಅಲ್ಲಿ ಒಂದು ಬಿಳಿ ಚುಕ್ಕೆ ನೆರಳಿಲ್ಲದೆ ಕಂಡರೆ ಕಲ್ಲೋ ಅಲ್ಲವೋ ಹೇಳುವುದು ಕಷ್ಟ. ಸಣ್ಣ ಕಲ್ಲು ಸುಮ್ನೆ ಜಾರಿ ಹೋಗುವುದೂ ಇದೆ. ಅಳತೆ ಬೇರೆ ನಂಬುವ ಹಾಗಿಲ್ಲ. ಬೀಮ್ ಅಗಲದಿಂದಾಗಿ ಚುಕ್ಕೆ ಪಕ್ಕಕ್ಕೆ ಹರಡುತ್ತದೆ, ಸಿಟಿಗೆ ಹೋಲಿಸಿದರೆ ಅಲ್ಟ್ರಾಸೌಂಡ್‌ನಲ್ಲಿ ಸಣ್ಣ ಕಲ್ಲು ದೊಡ್ಡದಾಗಿ ಕಾಣುವುದೇ ಹೆಚ್ಚು. ಬಿಳಿ ಚುಕ್ಕೆಯ ಬದಲು ಅದರ ನೆರಳಿನ ಅಗಲ ಅಳೆದರೆ ನಿಜಕ್ಕೆ ಹತ್ತಿರ ಬರುತ್ತದೆ.

ಪಿಜಿಗಳಿಗೆ: ಕಲರ್ ಹಾಕಿ ಟ್ವಿಂಕ್ಲಿಂಗ್ ನೋಡಿ. 1996ರಲ್ಲಿ ಮೊದಲು ವರದಿಯಾದ ಆರ್ಟಿಫ್ಯಾಕ್ಟ್ ಅದು. ಕಲ್ಲಿನ ಒರಟು ಮೈ ಹಿಂದೆ ಕೆಂಪು ನೀಲಿ ಮಿಂಚು ಬರುತ್ತದೆ, ರಕ್ತ ಹರಿಯದಿದ್ದರೂ. ನಮ್ಮ ಕಡೆ ಬೇಸಿಗೆಯಲ್ಲಿ ಕಲ್ಲಿನ ರೋಗಿಗಳು ತುಂಬಿರುತ್ತಾರೆ. ಎಲ್ಲರಿಗೂ ಸಿಟಿ ಮಾಡಿಸಲು ಆಗುವುದಿಲ್ಲ. ನನಗೆ ಟ್ವಿಂಕಲ್ ಬಂದರೆ ಕಲ್ಲು.

ಕಪ್ಪುಬಿಳುಪು

ಯೂರೋ ಸರ್, ಕೊನೆಯ ಸಾಲಿಗೆ ನನ್ನ ತಕರಾರು ಇದೆ. ಟ್ವಿಂಕಲ್ ಬರುವುದು ಮೆಷಿನ್ ಸೆಟ್ಟಿಂಗ್ ಮೇಲೂ ನಿಂತಿದೆ. ಕಲರ್ ಗೇನ್ (ಬಣ್ಣದ ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದರೆ ನಡುಭಾಗದ ಕೊಬ್ಬೇ ಮಿಂಚುತ್ತದೆ. ರಕ್ತನಾಳದ ಸುಣ್ಣ, ಸ್ಟೆಂಟ್, ಕೆಲವು ಸಲ ಗ್ಯಾಸ್ ಕೂಡ ಮಿಂಚುತ್ತವೆ. ನೆರಳಿಲ್ಲ, ಟ್ವಿಂಕಲ್ ಮಾತ್ರ ಇದೆ ಎಂದು ಕಲ್ಲು ಬರೆದರೆ ಮೇಲಿನವರ ಹಾಗೆ ಬಾಳೆದಿಂಡು ಕುಡಿಯುವವರು ಹೆಚ್ಚಾಗುತ್ತಾರೆ.

ಬಿಸಿಲುನಾಡು_ಯೂರೋ

ಒಪ್ಪುತ್ತೇನೆ, ಅರ್ಧ. ಗೇನ್ ಅನ್ನು ಗಲಾಟೆ ಶುರುವಾಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗಿಟ್ಟು, ಪಿಆರ್‌ಎಫ್ (ಸೆಕೆಂಡಿಗೆ ಎಷ್ಟು ಸಲ ಶಬ್ದ ಕಳಿಸುತ್ತೇವೆ ಎನ್ನುವುದು) ಏರಿಸಿ, ಫೋಕಸ್ ಕಲ್ಲಿಗಿಂತ ಸ್ವಲ್ಪ ಕೆಳಗೆ ಇಡಬೇಕು. ಪಿಆರ್‌ಎಫ್ ಏರಿಸಿದಾಗ ರಕ್ತನಾಳದ ಬಣ್ಣ ಹೋಗುತ್ತದೆ, ಟ್ವಿಂಕಲ್ ಉಳಿಯುತ್ತದೆ. ಹಾಗೆ ಉಳಿದದ್ದನ್ನು ನಾನು ನಂಬುತ್ತೇನೆ. ನೋವಿನ ರೋಗಿಯಲ್ಲಿ ಯೂರೆಟರ್ (ಮೂತ್ರನಾಳ) ಕೆಳತುದಿಯ ಕಲ್ಲು ಟ್ವಿಂಕಲ್‌ನಿಂದಲೇ ಸಿಕ್ಕಿದ್ದು ಬೇಕಾದಷ್ಟಿದೆ. ಲಕ್ಷಣವೇ ಇಲ್ಲದ ರೋಗಿಯಲ್ಲಿ ನೀವು ಹೇಳಿದ್ದು ಸರಿ.

ತಾಲೂಕು_ಡಾಕ್ಟರ್

ನನ್ನದು ಎದೆಯ ಪ್ರಶ್ನೆ. ಬಲಗಡೆ ಡಯಾಫ್ರಾಮ್ (ಎದೆ, ಹೊಟ್ಟೆ ನಡುವಿನ ಸ್ನಾಯುಪರದೆ) ಮೇಲೆ ಲಿವರ್ ಥರದ್ದೇ ಕಾಣುತ್ತದೆ. ನ್ಯುಮೋನಿಯಾದಲ್ಲಿ ಶ್ವಾಸಕೋಶ ಲಿವರ್ ಥರ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಕನ್ನಡಿ ಬಿಂಬವೂ ಹಾಗೇ ಅನ್ನುತ್ತಾರೆ. ಎಕ್ಸ್‌ರೇ ರೂಮ್ ರಾತ್ರಿ ಬಾಗಿಲು ಹಾಕಿರುತ್ತದೆ. ಏನು ಮಾಡಲಿ?

ಕಪ್ಪುಬಿಳುಪು

ಒಳ್ಳೆಯ ಪ್ರಶ್ನೆ. ಗಾಳಿ ತುಂಬಿದ ಶ್ವಾಸಕೋಶದ ಎದುರು ಡಯಾಫ್ರಾಮ್ ಕನ್ನಡಿಯಾಗುತ್ತದೆ. ಶಬ್ದ ಅಲ್ಲಿ ಬಡಿದು, ತಿರುಗಿ ಲಿವರ್ ಒಳಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ತಡವಾಗಿ ಬಂದದ್ದರಿಂದ ಮೆಷಿನ್ ಅದನ್ನು ಡಯಾಫ್ರಾಮ್ ಆಚೆ ಇಡುತ್ತದೆ. ಲಿವರ್‌ನಲ್ಲಿ ಒಂದು ಹಿಮಾಂಜಿಯೋಮಾ (ರಕ್ತನಾಳಗಳ ನಿರಪಾಯ ಗಂಟು) ಇದ್ದರೆ ಎದೆಯಲ್ಲೂ ಅಷ್ಟೇ ದೂರದಲ್ಲಿ ಇನ್ನೊಂದು ಕಾಣುತ್ತದೆ. ಅಂದರೆ ಬಿಂಬ ಕಂಡರೆ ಅಲ್ಲಿ ಗಾಳಿ ಇದೆ. ಎದೆಯಲ್ಲಿ ನೀರು ತುಂಬಿದರೆ ಕನ್ನಡಿಯೇ ಹೋಗುತ್ತದೆ.

ನಿಮಗೆ ಬೇಕಾದ್ದು ಬೆನ್ನುಮೂಳೆ. ಸಾಮಾನ್ಯ ಎದೆಯಲ್ಲಿ ಬೆನ್ನುಮೂಳೆಯ ಗೆರೆ ಡಯಾಫ್ರಾಮ್ ಹತ್ತಿರ ನಿಂತುಬಿಡುತ್ತದೆ, ಗಾಳಿ ಅಡ್ಡ ಬರುವುದರಿಂದ. ಅದು ಡಯಾಫ್ರಾಮ್ ದಾಟಿ ಮೇಲಕ್ಕೂ ಮುಂದುವರಿದರೆ ಶಬ್ದ ನಿಜವಾಗಿ ಎದೆಯೊಳಗೆ ಹೋಗಿದೆ. ಆಗ ನೀರೋ ಗಟ್ಟಿಯಾದ ಶ್ವಾಸಕೋಶವೋ ಇದೆ. ಗಟ್ಟಿಯಾದ ಶ್ವಾಸಕೋಶದಲ್ಲಿ ಬಿಳಿ ಕವಲುಗಳು ಉಸಿರಿನ ಜೊತೆ ಅಲ್ಲಾಡುತ್ತವೆ, ಅದು ಶ್ವಾಸನಾಳದ ಗಾಳಿ. ಬಿಂಬದಲ್ಲಿ ಅದಿಲ್ಲ.

ತಾಲೂಕು_ಡಾಕ್ಟರ್

ಬೆನ್ನುಮೂಳೆ ಗೆರೆ! ಇವತ್ತೇ ನೋಡುತ್ತೇನೆ. ಹಾಗಾದರೆ ಬಿ-ಲೈನ್ ಕೂಡ ಆರ್ಟಿಫ್ಯಾಕ್ಟೇ ಅಲ್ವಾ?

ಕಪ್ಪುಬಿಳುಪು

ಹೌದು. ಗಾಳಿ ತುಂಬಿದ ಶ್ವಾಸಕೋಶದ ಒಳಗಿನ ಚಿತ್ರ ಅಲ್ಟ್ರಾಸೌಂಡ್‌ಗೆ ಸಿಗುವುದಿಲ್ಲ. ಸಿಗುವುದು ಆರ್ಟಿಫ್ಯಾಕ್ಟ್ ಮಾತ್ರ. ಫ್ರಾನ್ಸ್‌ನ ಲಿಕ್ಟೆನ್‌ಸ್ಟೈನ್ 1990ರ ದಶಕದಲ್ಲಿ ಅದನ್ನೇ ಓದಲು ಕಲಿಸಿದರು. ಉಸಿರಾಟದ ತೊಂದರೆಗೆ ಕಾರಣ ಹುಡುಕುವ 2008ರ ಬ್ಲೂ ಪ್ರೋಟೋಕಾಲ್ ಅವರದೇ. ಪ್ಲೂರಾದಿಂದ (ಶ್ವಾಸಕೋಶದ ಹೊದಿಕೆ) ಹೊರಟು, ಮಸುಕಾಗದೆ ಪರದೆಯ ಬುಡಕ್ಕೆ ಮುಟ್ಟಿ, ಉಸಿರಿನ ಜೊತೆ ಓಡಾಡಿ, ಎ-ಲೈನ್ (ಪ್ಲೂರಾದಿಂದ ಪುಟಿದು ಬರುವ ಅಡ್ಡ ಗೆರೆಗಳು) ಅಳಿಸಿದರೆ ಅದು ಬಿ-ಲೈನ್. ಒಂದು ಪಕ್ಕೆಲುಬಿನ ಸಂದಿಯಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಲೆಕ್ಕಕ್ಕೆ. ಚರ್ಮದ ಕೆಳಗೆ ಗಾಳಿ ಸೇರಿದಾಗಲೂ ಇಂಥ ಗೆರೆ ಬರುತ್ತದೆ, ಆದರೆ ಅದು ಪ್ಲೂರಾಕ್ಕಿಂತ ಮೇಲೇ ಶುರುವಾಗುತ್ತದೆ. ಇಲ್ಲಿ ಹಾರ್ಮೋನಿಕ್, ಕಾಂಪೌಂಡಿಂಗ್ ಎರಡನ್ನೂ ಆಫ್ ಮಾಡಿ. ಹೊಟ್ಟೆಯಲ್ಲಿ ಅಳಿಸಬೇಕಾದ್ದನ್ನೇ ಎದೆಯಲ್ಲಿ ಉಳಿಸಿಕೊಳ್ಳಬೇಕು.

ಕತ್ತು_ನೋಡುವವಳು

ಥೈರಾಯ್ಡ್‌ನಲ್ಲೂ ಅದೇ ಕಥೆ. ಕೊಲಾಯ್ಡ್ (ಗ್ರಂಥಿಯೊಳಗಿನ ಅಂಟು ದ್ರವ) ಚುಕ್ಕೆಯ ಹಿಂದೆ ವಿ ಆಕಾರದ ಬಾಲ ಬಂದರೆ ಅದು ಕಾಮೆಟ್ ಟೇಲ್. 2017ರ ಎಸಿಆರ್ ಟೈರಾಡ್ಸ್ (ಥೈರಾಯ್ಡ್ ಗಂಟಿನ ಕ್ಯಾನ್ಸರ್ ಸಂಶಯ ಅಳೆಯುವ ಪದ್ಧತಿ) ಅಂಕದಲ್ಲಿ ದೊಡ್ಡ ಕಾಮೆಟ್ ಟೇಲ್‌ಗೆ ಸೊನ್ನೆ, ಬಾಲವಿಲ್ಲದ ಸೂಜಿಮೊನೆ ಚುಕ್ಕೆಗೆ 3. ಗಂಟಿಗೆ ಸೂಜಿ ಹಾಕಬೇಕೋ ಬೇಡವೋ ಎನ್ನುವುದನ್ನು ಒಂದು ಬಾಲ ತೀರ್ಮಾನಿಸಬಹುದು. ಪುಟ್ಟ ಸಿಸ್ಟ್‌ನ ಹಿಂಗೋಡೆ ಹೊಳೆಯುವುದನ್ನೂ ಸುಣ್ಣ ಎಂದು ಎಣಿಸುತ್ತಾರೆ, ಅದು ಬೇಡ. ಬಾಲ ನೋಡಲು ಜೂಮ್ ಮಾಡಿ, ಕಾಂಪೌಂಡಿಂಗ್ ತೆಗೆದು ನೋಡಿ.

ಭುಜದ_ಡಾಕ್ಟರ್

ಸ್ನಾಯುರಜ್ಜು ನೋಡುವವರು ಅನೈಸೋಟ್ರಪಿ ಮರೆಯಬೇಡಿ. ಬೀಮ್ ಲಂಬವಾಗಿ ಬೀಳದಿದ್ದರೆ ಬೆಳ್ಳಗಿನ ಟೆಂಡನ್ ಕಪ್ಪಾಗುತ್ತದೆ. ಸುಪ್ರಾಸ್ಪೈನೇಟಸ್ (ಭುಜದ ಒಂದು ಟೆಂಡನ್) ಮೂಳೆಗೆ ಅಂಟುವ ಜಾಗದಲ್ಲಿ ಬಾಗಿರುವುದರಿಂದ ಅಲ್ಲಿ ಹರಿದ ಹಾಗೆ ಕಾಣುತ್ತದೆ. ಪ್ರೋಬ್‌ನ ಒಂದು ತುದಿ ಒತ್ತಿ ಓರೆ ಮಾಡಿ. ಕಪ್ಪು ಬೆಳ್ಳಗಾದರೆ ಹರಿದಿಲ್ಲ.

ಸರ್ವೀಸ್_ಬಾಬು

ಡಾಕ್ಟರ್‌ಗಳ ನಡುವೆ ಮೆಷಿನ್ ರಿಪೇರಿಯವನ ಮಾತು. ನೀವೆಲ್ಲ ದೇಹದ ಆರ್ಟಿಫ್ಯಾಕ್ಟ್ ಹೇಳಿದಿರಿ. ಪ್ರೋಬ್‌ನದ್ದೂ ಇದೆ. ಯಾರನ್ನು ಸ್ಕ್ಯಾನ್ ಮಾಡಿದರೂ ಪರದೆಯ ಒಂದೇ ಜಾಗದಲ್ಲಿ ಮೇಲಿನಿಂದ ಕಪ್ಪು ಗೆರೆ ಇಳಿಯುತ್ತಿದ್ದರೆ ಅದು ರೋಗಿಯದ್ದಲ್ಲ. ಒಳಗಿನ ಕೆಲವು ಎಲಿಮೆಂಟ್ (ಶಬ್ದ ಕಳಿಸುವ ಸಣ್ಣ ಹರಳು) ಸತ್ತಿರುತ್ತವೆ, ಇಲ್ಲವೇ ಲೆನ್ಸ್ ರಬ್ಬರ್ ಎದ್ದಿರುತ್ತದೆ. ಪ್ರೋಬ್ ಕೆಳಗೆ ಬಿದ್ದದ್ದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ ಬಿಡಿ.

ಬೆಳಿಗ್ಗೆ ಒಂದು ನಿಮಿಷದ ಕೆಲಸ. ಜೆಲ್ ಪೂರ್ತಿ ಒರೆಸಿ, ಪ್ರೋಬ್ ಅನ್ನು ಗಾಳಿಯಲ್ಲಿ ಹಿಡಿಯಿರಿ. ಮೇಲೆ ಸಮನಾದ ಬಿಳಿ ಪಟ್ಟಿಗಳು ಈ ತುದಿಯಿಂದ ಆ ತುದಿಗೆ ಕಾಣಬೇಕು. ಎಲ್ಲಾದರೂ ಕಡಿದಿದ್ದರೆ ಅಲ್ಲಿ ತೊಂದರೆ. ಖಚಿತ ಮಾಡಲು ಪೇಪರ್ ಕ್ಲಿಪ್‌ನ ತಂತಿಯನ್ನು ಮೆಲ್ಲಗೆ ಲೆನ್ಸ್ ಮೇಲೆ ಸರಿಸಿ. ಸತ್ತ ಜಾಗದಲ್ಲಿ ತಂತಿಯ ಗುರುತು ಮಾಯವಾಗುತ್ತದೆ. ಗೀಚಬೇಡಿ ಮತ್ತೆ. ಸ್ಪಿರಿಟ್ ಹಾಕಿ ಉಜ್ಜುವುದೂ ಬೇಡ, ಕಂಪನಿ ಹೇಳಿದ ದ್ರವ ಮಾತ್ರ.

ಪರದೆ ತುಂಬ ಸಾಲು ಸಾಲು ಮಿನುಗುವ ಚುಕ್ಕೆ ಬಂದರೆ ಕರೆಂಟಿನ ಗಲಾಟೆ. ಓಟಿಯಲ್ಲಿ ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ನಡೆಯುತ್ತಿರುತ್ತದೆ, ಇಲ್ಲವೇ ಅರ್ಥಿಂಗ್ ಸರಿಯಿಲ್ಲ.

ಪ್ರೋಬ್_ಹಿಡಿದವ

ಬಾಬು ಸರ್, ನಮ್ಮ ಹಳೇ ಮೆಷಿನ್‌ನಲ್ಲಿ ಆ ಗೆರೆ ಇದೆ! ಪಕ್ಕದ ವಾರ್ಡಿನ ಮೆಷಿನ್ ತಂದು ಹೋಲಿಸಬಹುದಾ?

ಜೆಲ್_ಬಾಟಲಿ

ಸುಮ್ನೆ ಎಳೆದುಕೊಂಡು ಹೋಗಬೇಡಪ್ಪಾ. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಲ್ಲಿ ಮೆಷಿನ್ ನೋಂದಣಿ ಆಗಿರುತ್ತದೆ. ಮೊದಲು ನಿಮ್ಮ ಎಚ್‌ಒಡಿಯನ್ನು ಕೇಳಿ. ಮೆಷಿನ್ ಬದಲು ರೋಗಿಯನ್ನೇ ಆ ರೂಮಿಗೆ ಕರೆದೊಯ್ಯಬಹುದಲ್ಲ.

ಪ್ರೋಬ್_ಹಿಡಿದವ

ಸರಿ ಮೇಡಂ. ಕೊನೆಯ ಪ್ರಶ್ನೆ. ಎಲ್ಲ ತಿರುಗಿಸಿ, ಹೊರಳಿಸಿ ನೋಡಿದ ಮೇಲೂ ಸಂಶಯ ಉಳಿದರೆ ರಿಪೋರ್ಟ್‌ನಲ್ಲಿ ಏನು ಬರೆಯುತ್ತೀರಿ? ಕ್ಲಿನಿಕಲ್ ಕೋರಿಲೇಷನ್ (ರೋಗಲಕ್ಷಣಕ್ಕೆ ಹೋಲಿಸಿ ನೋಡಿ) ಎಂದು ಬರೆದರೆ ಸರ್ಜರಿಯವರು ನಗುತ್ತಾರೆ.

ಕಪ್ಪುಬಿಳುಪು

ನಗಲಿ, ಅವರು ನಗುವುದು ಸರಿಯೇ. ಆ ಒಂದು ಸಾಲಿನಿಂದ ಅವರಿಗೆ ಏನೂ ಸಿಗುವುದಿಲ್ಲ. ನಾನು ಮಾಡಿದ್ದನ್ನೇ ಬರೆಯುತ್ತೇನೆ. ಉದಾಹರಣೆಗೆ: "ಗಾಲ್ ಬ್ಲಾಡರ್ ಕತ್ತಿನಲ್ಲಿ ನೆರಳು ಇದೆ, ಬಿಳಿ ಕಲ್ಲು ಕಂಡಿಲ್ಲ. ಎಡಮಗ್ಗುಲಲ್ಲೂ, ಪಕ್ಕೆಲುಬಿನ ಸಂದಿಯಿಂದಲೂ ನೋಡಿದೆ, ನೆರಳು ಕೋನ ಬದಲಾದಂತೆ ಜರುಗಿತು. ಗೋಡೆ ದಪ್ಪವಾಗಿಲ್ಲ, ಒತ್ತಿದರೆ ನೋವಿಲ್ಲ. ಎಡ್ಜ್ ಶ್ಯಾಡೋ ಇರಬಹುದು. ನೋವು ಮರುಕಳಿಸಿದರೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಸ್ಕ್ಯಾನ್." ಜೊತೆಗೆ ಫೋಟೋ ಬದಲು ಹೊರಳಿಸುವಾಗಿನ ಕ್ಲಿಪ್ ಸೇವ್ ಮಾಡಿ. ನಿಂತ ಚಿತ್ರದಲ್ಲಿ ಕಲ್ಲಿನ ನೆರಳೂ ಗೋಡೆಯ ನೆರಳೂ ಒಂದೇ ಥರ ಕಾಣುತ್ತವೆ, ಜರುಗಿದ್ದು ಕ್ಲಿಪ್‌ನಲ್ಲೇ ಗೊತ್ತಾಗುವುದು. ಮುಂದಿನ ಸಲ ಬೇರೆಯವರು ನೋಡುವಾಗ ಅವರಿಗೆ ಅದೇ ಬೇಕು.